ಉಳಿತಾಯ ಖಾತೆ ತೆರೆಯುವಾಗ ಗ್ರಾಹಕರು ಎಲ್ಲಿ ಸಿಕ್ಕಿಕೊಳ್ಳುತ್ತಾರೆ, ಹೇಗೆ ಪಾರಾಗಬಹುದು

ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆದವರನ್ನು ವಿಚಾರಿಸಿದರೆ ಒಂದೇ ಬ್ಯಾಂಕಿನ ಬಗ್ಗೆ ತದ್ವಿರುದ್ಧವಾದ ಮಾತುಗಳು ಕೇಳಿಬರುತ್ತವೆ. ಒಬ್ಬರು ಅರ್ಧ ಗಂಟೆಯಲ್ಲಿ ಖಾತೆ ಸಂಖ್ಯೆ ಪಡೆದು ಹೊರಬಂದಿರುತ್ತಾರೆ. ಇನ್ನೊಬ್ಬರು ಅದೇ ಶಾಖೆಗೆ ಅಲೆದಲೆದು ಕೊನೆಗೆ ಬೇರೆ ಬ್ಯಾಂಕಿನ ಬಾಗಿಲು ತಟ್ಟಿರುತ್ತಾರೆ. ಸಿಬ್ಬಂದಿಯ ಸ್ವಭಾವ ಇದಕ್ಕೆ ಸ್ವಲ್ಪ ಮಟ್ಟಿಗೆ ಕಾರಣವಿರಬಹುದಾದರೂ, ಹೆಚ್ಚಿನ ತೊಡಕುಗಳ ಬೇರು ಇರುವುದು ನಾವು ಕೌಂಟರಿನ ಮುಂದೆ ನಿಲ್ಲುವುದಕ್ಕೆ ಮೊದಲು ಮಾಡಬೇಕಾಗಿದ್ದ, ಆದರೆ ಮಾಡದೆ ಬಿಟ್ಟ ಸಣ್ಣ ಕೆಲಸಗಳಲ್ಲಿ. ಯಾವ ಬಗೆಯ ಖಾತೆ ಬೇಕೆಂದು ತೀರ್ಮಾನಿಸದೆ ಹೋದವರಿಗೆ ಬ್ಯಾಂಕು ತನಗೆ ಅನುಕೂಲವಾದ ಖಾತೆಯನ್ನೇ ತೆರೆದುಕೊಡುತ್ತದೆ. ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡದೆ ಹೋದವರ ಅರ್ಜಿ ಹಿಂದಕ್ಕೆ ಬರುತ್ತದೆ. ಭಾರತದಲ್ಲಿ ಈಗಿರುವ ನಿಯಮಗಳ ಆಧಾರದ ಮೇಲೆ, ಗ್ರಾಹಕರು ಮತ್ತೆ ಮತ್ತೆ ಹೇಳಿಕೊಳ್ಳುವ ತೊಂದರೆಗಳನ್ನು ಮುಂದಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಮೊದಲು ಖಾತೆಯ ಬಗೆ

ಹೊಸ ಗ್ರಾಹಕರ ದೂರುಗಳಲ್ಲಿ ಅತಿ ಸಾಮಾನ್ಯವಾದದ್ದು ಕನಿಷ್ಠ ಶಿಲ್ಕಿನ ದಂಡ. ಖಾತೆ ತೆರೆಯುವಾಗ "ಇಷ್ಟು ಹಣ ಇಟ್ಟಿರಬೇಕು" ಎಂದು ಹೇಳಿದ್ದು ಕಿವಿಗೆ ಬಿದ್ದಿರುತ್ತದೆ, ಆದರೆ ಆ ಮೊತ್ತವನ್ನು ಲೆಕ್ಕ ಹಾಕುವ ರೀತಿಯನ್ನು ಯಾರೂ ವಿವರಿಸಿರುವುದಿಲ್ಲ. ಅನೇಕ ಬ್ಯಾಂಕುಗಳು ನೋಡುವುದು ಒಂದು ನಿರ್ದಿಷ್ಟ ದಿನದ ಶಿಲ್ಕನ್ನಲ್ಲ, ತಿಂಗಳ ಸರಾಸರಿಯನ್ನು: ಪ್ರತಿ ದಿನದ ಕೊನೆಯಲ್ಲಿ ಖಾತೆಯಲ್ಲಿದ್ದ ಮೊತ್ತವನ್ನು ಕೂಡಿ ತಿಂಗಳ ದಿನಗಳಿಂದ ಭಾಗಿಸುತ್ತಾರೆ. ಸರಾಸರಿ 10,000 ರೂಪಾಯಿ ಇರಬೇಕೆಂಬ ಖಾತೆಯಲ್ಲಿ, 30 ದಿನಗಳ ತಿಂಗಳೊಂದರಲ್ಲಿ ಕೇವಲ ಮೂರು ದಿನ 1 ಲಕ್ಷ ರೂಪಾಯಿ ಇದ್ದು ಉಳಿದ ದಿನಗಳಲ್ಲಿ ಏನೂ ಇಲ್ಲದಿದ್ದರೂ ಷರತ್ತು ಪೂರೈಸಿದಂತಾಗುತ್ತದೆ. ಹಾಗೆಯೇ ತಿಂಗಳ ಕೊನೆಯ ದಿನ ಹತ್ತು ಸಾವಿರ ತುಂಬಿಸಿಟ್ಟು ನಿಶ್ಚಿಂತರಾದವರಿಗೆ ದಂಡ ಬೀಳುತ್ತದೆ. ಕೆಲವು ಬ್ಯಾಂಕುಗಳಲ್ಲಿ ಈ ಸರಾಸರಿ ಮೂರು ತಿಂಗಳದ್ದಾಗಿರುತ್ತದೆ. ಆದ್ದರಿಂದ ಮೊತ್ತ ಎಷ್ಟು ಎಂಬುದರ ಜತೆಗೆ, ಸರಾಸರಿ ಯಾವ ಅವಧಿಯದ್ದು, ಕೊರತೆಯಾದರೆ ಶುಲ್ಕ ಎಷ್ಟು ಎಂಬುದನ್ನೂ ಕೇಳಿ, ಸಾಧ್ಯವಾದರೆ ಬ್ಯಾಂಕಿನ ಜಾಲತಾಣದಲ್ಲಿರುವ ಶುಲ್ಕಪಟ್ಟಿಯಲ್ಲಿ ಕಣ್ಣಾರೆ ಓದಿಕೊಳ್ಳಬೇಕು.

ದಂಡ ಹಾಕುವುದಕ್ಕೂ ಮಿತಿಗಳಿವೆ. ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲಿ ಹೊರಡಿಸಿ 2015ರ ಏಪ್ರಿಲ್ 1ರಿಂದ ಜಾರಿಗೆ ತಂದ ಸೂಚನೆಯಂತೆ, ಶಿಲ್ಕು ಕಡಿಮೆಯಾದಾಗ ಬ್ಯಾಂಕು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ಮೊದಲು ತಿಳಿಸಬೇಕು, ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳ ಅವಕಾಶ ಕೊಡಬೇಕು, ದಂಡವನ್ನು ಕೊರತೆಯ ಪ್ರಮಾಣಕ್ಕೆ ತಕ್ಕಂತೆ ಹಾಕಬೇಕು, ಮತ್ತು ಕೇವಲ ಈ ದಂಡದ ಕಾರಣಕ್ಕೆ ಖಾತೆ ಋಣಾತ್ಮಕ ಶಿಲ್ಕಿಗೆ ಇಳಿಯಬಾರದು. ಖಾತೆಯಲ್ಲಿ ಮೈನಸ್ ಮೊತ್ತ ಕಂಡು, ಅದನ್ನು ತುಂಬಿದ ಮೇಲೆಯೇ ವ್ಯವಹಾರ ಎಂದು ಹೇಳಿಸಿಕೊಂಡವರು ಈ ಸೂಚನೆಯನ್ನು ಉಲ್ಲೇಖಿಸಿ ಬರೆದುಕೊಟ್ಟರೆ ಬ್ಯಾಂಕು ಉತ್ತರಿಸಲೇಬೇಕಾಗುತ್ತದೆ.

ಕನಿಷ್ಠ ಶಿಲ್ಕಿನ ಗೊಡವೆಯೇ ಬೇಡವೆನ್ನುವವರಿಗೆ ಎರಡು ದಾರಿಗಳಿವೆ. ಮೊದಲನೆಯದು, ಸಾಮಾನ್ಯ ಉಳಿತಾಯ ಖಾತೆಗೂ ಕನಿಷ್ಠ ಶಿಲ್ಕನ್ನು ಕೈಬಿಟ್ಟಿರುವ ಬ್ಯಾಂಕನ್ನು ಆರಿಸಿಕೊಳ್ಳುವುದು: ಭಾರತೀಯ ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಈ ನಿರ್ಧಾರ ಪ್ರಕಟಿಸಿತು, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಅದೇ ಹಾದಿ ಹಿಡಿಯಿತು. ಎರಡನೆಯದು ಮೂಲ ಉಳಿತಾಯ ಖಾತೆ, ಅಂದರೆ ಬ್ಯಾಂಕಿನವರ ಬಾಯಲ್ಲಿ ಬಿಎಸ್‌ಬಿಡಿ ಖಾತೆ, ಜನರ ಬಾಯಲ್ಲಿ ಝೀರೋ ಬ್ಯಾಲೆನ್ಸ್ ಅಕೌಂಟ್. 2012ರಿಂದ ಪ್ರತಿ ಬ್ಯಾಂಕೂ ಇದನ್ನು ಕೊಡಬೇಕಾಗಿದೆ. ಇದಕ್ಕೆ ಆರಂಭಿಕ ಠೇವಣಿ ಬೇಡ, ಎಟಿಎಂ ಕಾರ್ಡಿಗೆ ಶುಲ್ಕವಿಲ್ಲ, ಹಣ ಎಷ್ಟು ಸಲ ಬೇಕಾದರೂ ಜಮಾ ಆಗಬಹುದು, ತಿಂಗಳಿಗೆ ಕನಿಷ್ಠ ನಾಲ್ಕು ಬಾರಿ ಉಚಿತವಾಗಿ ತೆಗೆಯಬಹುದು. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯ ಖಾತೆಗಳು ಇದೇ ಚೌಕಟ್ಟಿನಲ್ಲಿವೆ. ಇದು ಬಡವರಿಗೆ ಮಾತ್ರ ಎಂಬ ಭಾವನೆ ಗ್ರಾಹಕರಲ್ಲೂ ಇದೆ, ಕೆಲವು ಶಾಖೆಗಳ ಸಿಬ್ಬಂದಿಯಲ್ಲೂ ಇದೆ. ನಿಯಮದಲ್ಲಿ ಅಂಥ ಆದಾಯದ ಷರತ್ತು ಇಲ್ಲ. ಆದರೆ ಒಂದೇ ಬ್ಯಾಂಕಿನಲ್ಲಿ ಈ ಖಾತೆಯ ಜತೆಗೆ ಇನ್ನೊಂದು ಸಾಮಾನ್ಯ ಉಳಿತಾಯ ಖಾತೆಯನ್ನು ಇಟ್ಟುಕೊಳ್ಳುವಂತಿಲ್ಲ. ಈ ಖಾತೆಯಿಂದ ಬ್ಯಾಂಕಿಗೆ ಹೆಚ್ಚೇನೂ ಗಿಟ್ಟುವುದಿಲ್ಲವಾದ್ದರಿಂದ ಕೌಂಟರಿನಲ್ಲಿ ತಾವಾಗಿಯೇ ಇದರ ಹೆಸರೆತ್ತುವವರು ವಿರಳ. ಬೇಕಾದವರು ಹೆಸರು ಹಿಡಿದೇ ಕೇಳಬೇಕು.

ಸಂಬಳದ ಖಾತೆ ಇರುವವರು ಒಂದು ಮಾತು ನೆನಪಿಡಬೇಕು. ಕೆಲಸ ಬದಲಾಯಿಸಿ ಕೆಲವು ತಿಂಗಳು ಸಂಬಳ ಜಮಾ ಆಗದಿದ್ದರೆ ಬ್ಯಾಂಕು ಆ ಖಾತೆಯನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಪರಿವರ್ತಿಸಬಹುದು, ಆಗ ಕನಿಷ್ಠ ಶಿಲ್ಕಿನ ಷರತ್ತೂ ಬಂದು ಅಂಟಿಕೊಳ್ಳುತ್ತದೆ.

ಬ್ಯಾಂಕಿನ ಆಯ್ಕೆಯಲ್ಲಿ ಠೇವಣಿ ವಿಮೆಯನ್ನೂ ಗಮನಿಸಬೇಕು. 2020ರ ಫೆಬ್ರವರಿ 4ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನ ಅಸಲು ಮತ್ತು ಬಡ್ಡಿ ಸೇರಿ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆ ಇದೆ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಇಟ್ಟ ಹಣವನ್ನು ಒಟ್ಟಾಗಿಯೇ ಲೆಕ್ಕ ಹಾಕುತ್ತಾರೆ. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಅನ್ವಯಿಸುತ್ತದೆ, ಆದರೆ ಠೇವಣಿ ಸಂಗ್ರಹಿಸುವ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ; ಎರಡರ ನಾಮಫಲಕಗಳೂ ನೋಡಲು ಒಂದೇ ಬಗೆಯಾಗಿರುವುದರಿಂದ ಇದನ್ನು ಕೇಳಿಯೇ ತಿಳಿದುಕೊಳ್ಳಬೇಕು.

ದಾಖಲೆಗಳು: ಹೆಸರು, ವಿಳಾಸ, ಮೊಬೈಲ್ ಸಂಖ್ಯೆ

ಗುರುತು ಮತ್ತು ವಿಳಾಸಕ್ಕೆ ಅಧಿಕೃತವೆಂದು ಒಪ್ಪುವ ದಾಖಲೆಗಳು ಆರು: ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಆಧಾರ್, ಮತದಾರರ ಗುರುತಿನ ಚೀಟಿ, ರಾಜ್ಯ ಸರ್ಕಾರದ ಅಧಿಕಾರಿ ಸಹಿ ಮಾಡಿದ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಮತ್ತು ಹೆಸರು ವಿಳಾಸಗಳಿರುವ ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ಇವುಗಳಲ್ಲಿ ಒಂದು ಇದ್ದರೆ ಸಾಕು. ಪ್ಯಾನ್ ಕಾರ್ಡ್ ಈ ಪಟ್ಟಿಯಲ್ಲಿಲ್ಲ. ಅದನ್ನು ಕೇಳುವುದು ತೆರಿಗೆಯ ಕಾರಣಕ್ಕೆ, ಮತ್ತು ಪ್ಯಾನ್ ಇಲ್ಲದವರು ಬ್ಯಾಂಕುಗಳಲ್ಲಿ ಫಾರ್ಮ್ 60 ಎಂದೇ ಬಳಕೆಯಲ್ಲಿರುವ ಘೋಷಣಾ ಪತ್ರವನ್ನು ಕೊಡಬಹುದು. ಆಧಾರ್ ಇಲ್ಲದೆ ಖಾತೆಯೇ ಇಲ್ಲ ಎನ್ನುವ ಮಾತು ಈಗಲೂ ಕೆಲವೆಡೆ ಕೇಳಿಬರುತ್ತದೆ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯ ಮಾಡಿದ್ದನ್ನು ರದ್ದುಗೊಳಿಸಿತು. ಅನಂತರದ ತಿದ್ದುಪಡಿಯಂತೆ ಗ್ರಾಹಕರು ಸ್ವಇಚ್ಛೆಯಿಂದ ಅದನ್ನು ಬಳಸಬಹುದು. ಸರ್ಕಾರದ ಸಹಾಯಧನ ಖಾತೆಗೆ ನೇರವಾಗಿ ಬರಬೇಕೆನ್ನುವವರ ವಿಷಯ ಬೇರೆ, ಅವರು ಆಧಾರ್ ಕೊಡಬೇಕಾಗುತ್ತದೆ. ಹಾಗೆಯೇ, ಆ ಬ್ಯಾಂಕಿನ ಹಳೆಯ ಗ್ರಾಹಕರೊಬ್ಬರು ಪರಿಚಯದ ಸಹಿ ಹಾಕಬೇಕೆಂಬ ಪದ್ಧತಿಗೆ ಈಗ ನಿಯಮದ ಬೆಂಬಲವಿಲ್ಲ.

ಕಾಗದಗಳು ಇದ್ದೂ ಅರ್ಜಿ ನಿಂತುಹೋಗುವುದು ಹೆಚ್ಚಾಗಿ ಹೆಸರಿನ ದೆಸೆಯಿಂದ. ನಮ್ಮಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಇನಿಷಿಯಲ್ ಇಟ್ಟುಕೊಳ್ಳುವ ರೂಢಿ ಇದೆ. ಶಾಲೆಯ ದಾಖಲೆಯಲ್ಲಿ "ಕೆ. ಎಸ್. ಮಂಜುನಾಥ", ಆಧಾರ್‌ನಲ್ಲಿ "ಮಂಜುನಾಥ ಕೆ ಎಸ್", ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು ಮತ್ತು ತಂದೆಯ ಹೆಸರು ಸೇರಿದ ಉದ್ದನೆಯ ಹೆಸರು, ಹೀಗೆ ಒಬ್ಬರೇ ಮೂರು ಬಗೆಯಾಗಿ ನಮೂದಾಗಿರುತ್ತಾರೆ. ಹಿಂದೆ ಗುಮಾಸ್ತರು ಕಣ್ಣಿನಲ್ಲಿ ನೋಡಿ "ಇವರೇ ಅವರು" ಎಂದು ಒಪ್ಪುತ್ತಿದ್ದರು. ಈಗ ಹೋಲಿಸುವುದು ಕಂಪ್ಯೂಟರ್, ಅದಕ್ಕೆ ದಾಕ್ಷಿಣ್ಯವಿಲ್ಲ. ಮನೆಯಲ್ಲೇ ಎಲ್ಲ ಕಾರ್ಡುಗಳನ್ನು ಒಂದರ ಪಕ್ಕ ಒಂದಿಟ್ಟು, ಹೆಸರಿನ ಪ್ರತಿ ಅಕ್ಷರ, ಜನ್ಮದಿನಾಂಕ ಮತ್ತು ತಂದೆಯ ಹೆಸರನ್ನು ಹೋಲಿಸಿ ನೋಡುವುದು ಈ ಇಡೀ ಕೆಲಸದಲ್ಲಿ ಅತ್ಯಂತ ಲಾಭದಾಯಕವಾದ ಹತ್ತು ನಿಮಿಷ ಎಂಬುದು ನನ್ನ ಅಭಿಪ್ರಾಯ. ವ್ಯತ್ಯಾಸ ಕಂಡರೆ ಖಾತೆಗೆ ಅರ್ಜಿ ಹಾಕುವ ಮೊದಲೇ ಯಾವುದಾದರೂ ಒಂದನ್ನು ತಿದ್ದಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಖಾತೆಯಲ್ಲಿ ಒಮ್ಮೆ ಸೇರಿದ ತಪ್ಪು ಹೆಸರು ಮುಂದೆ ಭವಿಷ್ಯನಿಧಿ, ತೆರಿಗೆ ಮರುಪಾವತಿ, ಸಾಲ ಎಲ್ಲದರಲ್ಲೂ ತಲೆ ಹಾಕುತ್ತದೆ. ಮದುವೆಯ ನಂತರ ಹೆಸರು ಬದಲಾಗಿದ್ದರೆ ಹಳೆಯ ಹೆಸರಿನ ದಾಖಲೆಯ ಜತೆಗೆ ಸರ್ಕಾರ ನೀಡಿದ ವಿವಾಹ ಪ್ರಮಾಣಪತ್ರವನ್ನು ಅಥವಾ ಹೆಸರು ಬದಲಾವಣೆಯ ರಾಜ್ಯಪತ್ರ ಪ್ರಕಟಣೆಯನ್ನು ಕೊಟ್ಟರೆ ಬ್ಯಾಂಕು ಒಪ್ಪಬೇಕು.

ಎರಡನೆಯ ಕಗ್ಗಂಟು ವಿಳಾಸ. ಊರಿನಲ್ಲಿ ಮಾಡಿಸಿದ ಆಧಾರ್ ಹಿಡಿದು ನಗರದಲ್ಲಿ ಬಾಡಿಗೆಗೆ ಇರುವವರಿಗೆ ಬಾಡಿಗೆ ಕರಾರು ತನ್ನಿ, ಮಾಲೀಕರ ಪತ್ರ ತನ್ನಿ ಎಂದು ಹೇಳಿ ಕಳುಹಿಸುವುದುಂಟು. ಆಧಾರ್ ಮೂಲಕ ಇ-ಕೆವೈಸಿ, ಅಂದರೆ ವಿದ್ಯುನ್ಮಾನ ರೂಪದ ಗುರುತು ಪರಿಶೀಲನೆ, ಮಾಡಿಸಿಕೊಂಡ ಗ್ರಾಹಕರು ಈಗಿನ ವಿಳಾಸ ಬೇರೆ ಎಂದು ಸ್ವಯಂ ಘೋಷಣೆ ಬರೆದುಕೊಟ್ಟರೆ ಸಾಕು ಎಂದು ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನವೇ ಹೇಳುತ್ತದೆ. ಬೇರೆ ದಾಖಲೆ ಕೊಡುವವರು, ಅದರಲ್ಲಿ ಈಗಿನ ವಿಳಾಸವಿಲ್ಲದಿದ್ದರೆ, ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್, ನೀರು, ದೂರವಾಣಿ ಅಥವಾ ಪೈಪ್ ಗ್ಯಾಸ್ ಬಿಲ್ಲನ್ನೋ ಆಸ್ತಿ ತೆರಿಗೆಯ ರಸೀದಿಯನ್ನೋ ತಾತ್ಕಾಲಿಕವಾಗಿ ಕೊಟ್ಟು, ಮೂರು ತಿಂಗಳೊಳಗೆ ಹೊಸ ವಿಳಾಸದ ಅಧಿಕೃತ ದಾಖಲೆಯನ್ನು ಸಲ್ಲಿಸಬಹುದು. ಈ ಮೂರು ತಿಂಗಳ ಗಡುವನ್ನು ಮರೆತರೆ ಖಾತೆಯ ವ್ಯವಹಾರಕ್ಕೆ ತಡೆ ಬೀಳುವ ಸಂಭವವಿದೆ.

ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆ ಈಗಲೂ ತಮ್ಮ ಕೈಯಲ್ಲಿದೆಯೇ ಎಂದೂ ನೋಡಿಕೊಳ್ಳಬೇಕು. ಒಟಿಪಿ ಹೋಗುವುದು ಅಲ್ಲಿಗೆ. ಬೆರಳಚ್ಚಿನಿಂದ ದೃಢೀಕರಿಸುವುದಾದರೆ, ಸುರಕ್ಷತೆಗಾಗಿ ಬಯೋಮೆಟ್ರಿಕ್ ಲಾಕ್ ಮಾಡಿಟ್ಟವರು ಹೊರಡುವ ಮೊದಲು ಅದನ್ನು ತೆರೆದಿರಬೇಕು, ಇಲ್ಲದಿದ್ದರೆ ಯಂತ್ರದ ಮೇಲೆ ಎಷ್ಟು ಸಲ ಒತ್ತಿದರೂ ಕೆಲಸವಾಗುವುದಿಲ್ಲ. ವಯಸ್ಸಾದವರ, ಕೂಲಿ ಕೆಲಸದವರ ಬೆರಳುಗಳ ಗೆರೆ ಸವೆದು ಯಂತ್ರ ಹಿಡಿಯದೇ ಹೋಗುವುದು ಸಾಮಾನ್ಯ. ಅಂಥ ಸಂದರ್ಭದಲ್ಲಿ ಮೇಲೆ ಹೇಳಿದ ದಾಖಲೆಗಳಲ್ಲಿ ಒಂದರ ಮೂಲ ಮತ್ತು ನಕಲನ್ನು ಪಡೆದು ಮುಂದುವರಿಯುವ ದಾರಿ ಬ್ಯಾಂಕಿಗೆ ಇದೆ.

ಜೆರಾಕ್ಸ್ ಪ್ರತಿ ಕೊಡುವಾಗ ಸಹಿಯ ಜತೆಗೆ ದಿನಾಂಕವನ್ನೂ "ಇಂಥ ಬ್ಯಾಂಕಿನ ಉಳಿತಾಯ ಖಾತೆಗೆ ಮಾತ್ರ" ಎಂಬ ಮಾತನ್ನೂ ಚಿತ್ರದ ಅಂಚನ್ನು ದಾಟುವಂತೆ ಅಡ್ಡಲಾಗಿ ಬರೆಯುವುದು ಒಳ್ಳೆಯ ಅಭ್ಯಾಸ. ಮೂಲ ದಾಖಲೆಯನ್ನು ಅಧಿಕಾರಿ ತಾಳೆ ನೋಡಿ ಅಲ್ಲಿಯೇ ಹಿಂದಿರುಗಿಸಬೇಕು, ಶಾಖೆಯಲ್ಲಿ ಬಿಟ್ಟುಬರುವ ಅಗತ್ಯವಿಲ್ಲ.

ಶಾಖೆಗೆ ಹೋಗುವುದೋ, ಮೊಬೈಲಿನಲ್ಲೇ ತೆರೆಯುವುದೋ

ಜಾಹೀರಾತುಗಳಲ್ಲಿ ಕಾಣುವ "ಐದೇ ನಿಮಿಷದ ಖಾತೆ" ಸುಳ್ಳಲ್ಲ, ಆದರೆ ಅದು ಪೂರ್ಣ ಖಾತೆಯೂ ಅಲ್ಲ. ಕೇವಲ ಆಧಾರ್ ಒಟಿಪಿಯಿಂದ, ಯಾರ ಮುಖವನ್ನೂ ನೋಡದೆ ತೆರೆದ ಖಾತೆಗೆ ಬಿಗಿಯಾದ ಮಿತಿಗಳಿವೆ: ಶಿಲ್ಕು ಒಟ್ಟು 1 ಲಕ್ಷ ರೂಪಾಯಿ ಮೀರುವಂತಿಲ್ಲ, ಒಂದು ಆರ್ಥಿಕ ವರ್ಷದಲ್ಲಿ ಜಮಾ ಆಗುವ ಮೊತ್ತ 2 ಲಕ್ಷ ಮೀರುವಂತಿಲ್ಲ, ಒಂದು ವರ್ಷದೊಳಗೆ ಪೂರ್ಣ ಕೆವೈಸಿ ಆಗದಿದ್ದರೆ ಖಾತೆ ಮುಂದುವರಿಯುವಂತಿಲ್ಲ, ಮತ್ತು ಇಂಥ ಖಾತೆ ಬೇರೆ ಯಾವ ಬ್ಯಾಂಕಿನಲ್ಲೂ ಇಲ್ಲವೆಂದು ಘೋಷಿಸಬೇಕು. ಊರಿನ ಜಮೀನು ಮಾರಿದ ಹಣವೋ ನಿವೃತ್ತಿಯ ಹಣವೋ ಬರಲಿರುವ ಖಾತೆಯನ್ನು ಹೀಗೆ ತೆರೆದು, ಹಣ ಸಿಕ್ಕಿಹಾಕಿಕೊಂಡ ಮೇಲೆ ಗಾಬರಿಯಾಗುವವರಿದ್ದಾರೆ. ಷರತ್ತು ಒಪ್ಪಿದ ಪರದೆಯಲ್ಲಿಯೇ ಇದೆಲ್ಲವೂ ಬರೆದಿರುತ್ತದೆ, ಓದುವ ತಾಳ್ಮೆ ಮಾತ್ರ ಆ ಐದು ನಿಮಿಷಗಳಲ್ಲಿ ಇರುವುದಿಲ್ಲ.

ಮನೆಯಲ್ಲೇ ಕುಳಿತು ಪೂರ್ಣ ಖಾತೆ ತೆರೆಯಲು ವಿಡಿಯೊ ಕೆವೈಸಿ ಇದೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅನುಮತಿಸಿದ ಈ ಕ್ರಮದಲ್ಲಿ ಬ್ಯಾಂಕಿನ ಅಧಿಕಾರಿಯೇ ಕರೆಯಲ್ಲಿದ್ದು ಪ್ರಶ್ನೆ ಕೇಳುತ್ತಾರೆ, ಮುಖವನ್ನು ದಾಖಲೆಯ ಚಿತ್ರದೊಂದಿಗೆ ಹೋಲಿಸುತ್ತಾರೆ, ಗ್ರಾಹಕರು ಇರುವ ಸ್ಥಳವನ್ನು ದಾಖಲಿಸಿಕೊಳ್ಳುತ್ತಾರೆ. ಇದನ್ನು ಎದುರಿಗೆ ಕುಳಿತು ಮಾಡಿದ ಪರಿಶೀಲನೆಗೆ ಸಮನೆಂದೇ ಪರಿಗಣಿಸಲಾಗುತ್ತದೆ. ಪ್ರಶ್ನೆಗಳ ಕ್ರಮವನ್ನು ಬೇಕೆಂದೇ ಬದಲಿಸುತ್ತಿರುತ್ತಾರೆ, ಮೊದಲೇ ಮುದ್ರಿಸಿಟ್ಟ ವಿಡಿಯೊ ಅಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕೆ. ಆದ್ದರಿಂದ ಜನ್ಮದಿನಾಂಕವನ್ನು ಎರಡು ಸಲ ಕೇಳಿದರೆ ಬೇಸರಪಡಬೇಕಿಲ್ಲ. ಪ್ಯಾನ್ ಕಾರ್ಡಿನ ಮೂಲವನ್ನು ಕ್ಯಾಮೆರಾ ಮುಂದೆ ಹಿಡಿಯಬೇಕು. ಇ-ಪ್ಯಾನ್ ಇರುವವರು ಅದನ್ನು ವಿದ್ಯುನ್ಮಾನ ರೂಪದಲ್ಲೇ ಕೊಡಬೇಕು, ಅದರ ಮುದ್ರಿತ ಪ್ರತಿಯನ್ನು ತೋರಿಸಿದರೆ ನಿಯಮದಂತೆ ಒಪ್ಪುವುದಿಲ್ಲ. ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತುಕೊಳ್ಳುವುದು, ಫೋನಿನಲ್ಲಿ ವಿಪಿಎನ್ ಇದ್ದರೆ ಆರಿಸುವುದು, ಸ್ಥಳದ ಅನುಮತಿ ಕೊಟ್ಟಿರುವುದು, ಖಾಲಿ ಬಿಳಿ ಹಾಳೆ ಮತ್ತು ಪೆನ್ನು ಹತ್ತಿರವಿಟ್ಟುಕೊಳ್ಳುವುದು ಇವಿಷ್ಟು ಸಿದ್ಧತೆಯಿದ್ದರೆ ಕರೆ ಬೇಗ ಮುಗಿಯುತ್ತದೆ.

ವಿಡಿಯೊ ಕರೆ ಮುಗಿದರೂ ಖಾತೆ ಚಾಲೂ ಆಗಿಲ್ಲವೆಂಬುದು ಇನ್ನೊಂದು ಸಾಮಾನ್ಯ ಅಸಮಾಧಾನ. ಇದಕ್ಕೆ ಕಾರಣ ಸಿಬ್ಬಂದಿಯ ಉದಾಸೀನವಲ್ಲ. ಆ ಕರೆಯ ವಿಡಿಯೊ ದಾಖಲೆಯನ್ನು ಬೇರೊಬ್ಬರು ಲೆಕ್ಕಪರಿಶೋಧನೆಯ ದೃಷ್ಟಿಯಿಂದ ನೋಡಿದ ಮೇಲೆಯೇ ಖಾತೆಯನ್ನು ಚಾಲೂ ಮಾಡಬೇಕೆಂಬ ನಿಯಮವಿದೆ.

ದೃಷ್ಟಿದೋಷ ಇರುವವರಿಗೆ, ಆ್ಯಸಿಡ್ ದಾಳಿಯಿಂದ ಕಣ್ಣುರೆಪ್ಪೆಗೆ ಹಾನಿಯಾದವರಿಗೆ "ಕಣ್ಣು ಮಿಟುಕಿಸಿ" ಎಂಬ ಸೂಚನೆಯೇ ಗೋಡೆಯಾಗಿ ನಿಲ್ಲುತ್ತಿತ್ತು. ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಈ ಬಗ್ಗೆ ತೀರ್ಪಿತ್ತು, ಡಿಜಿಟಲ್ ಕೆವೈಸಿ ಎಲ್ಲರಿಗೂ ಎಟುಕುವಂತಿರಬೇಕೆಂದು, ಕಣ್ಣು ಮಿಟುಕಿಸುವುದಕ್ಕೆ ಬದಲಿ ವಿಧಾನಗಳೂ ಇರಬೇಕೆಂದು ನಿರ್ದೇಶಿಸಿತು. ಆ ಸೂಚನೆಯನ್ನು ಪಾಲಿಸಲಾಗದವರು ಬದಲಿ ವಿಧಾನ ಬೇಕೆಂದು ಕರೆಯಲ್ಲೇ ಹೇಳಬಹುದು.

ಬ್ಯಾಂಕ್ ಶಾಖೆಗೇ ಹೋಗುವವರು ತಿಂಗಳ ಮೊದಲ ವಾರವನ್ನೂ ರಜೆಯ ಮಾರನೆಯ ದಿನವನ್ನೂ ತಪ್ಪಿಸುವುದು ಲೇಸು. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕುಗಳಿಗೆ ರಜೆ.

ಅರ್ಜಿಯನ್ನು ತುಂಬುವಾಗ

ಕನ್ನಡ ಓದುಗರು ತಿಳಿದಿರಬೇಕಾದ ಮೊದಲ ವಿಷಯವೆಂದರೆ, ಖಾತೆ ತೆರೆಯುವ ಅರ್ಜಿಯೂ ಸೇರಿದಂತೆ ಸಾಮಾನ್ಯ ಗ್ರಾಹಕರು ಬಳಸುವ ಮುದ್ರಿತ ನಮೂನೆಗಳು ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆ, ಈ ಮೂರರಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. ಕನ್ನಡದ ನಮೂನೆಯನ್ನು ಕೇಳಿ ಪಡೆಯುವುದು ಹಕ್ಕು. ಕೇಳುವವರೇ ಇಲ್ಲವೆಂಬ ನೆಪದಲ್ಲಿ ಅದು ಕಪಾಟಿನಲ್ಲೇ ಉಳಿಯುತ್ತದೆ.

ಅರ್ಜಿಯ ಪುಟಗಳು ಹಲವು, ಚೌಕಗಳು ಅನೇಕ. ಸಿಬ್ಬಂದಿಯೋ ಏಜೆಂಟರೋ ಪೆನ್ಸಿಲಿನಲ್ಲಿ ಸಣ್ಣ ಅಡ್ಡಗುರುತು ಹಾಕಿ "ಇಲ್ಲಿ, ಇಲ್ಲಿ, ಇಲ್ಲಿ ಸಹಿ ಮಾಡಿ ಸಾಕು, ಉಳಿದದ್ದು ನಾವು ತುಂಬಿಕೊಳ್ಳುತ್ತೇವೆ" ಎನ್ನುವುದು ಎಲ್ಲರಿಗೂ ಪರಿಚಿತವಾದ ದೃಶ್ಯ. ಅದರಲ್ಲಿ ಕೆಟ್ಟ ಉದ್ದೇಶವೇ ಇರಬೇಕೆಂದೇನಿಲ್ಲ, ಹಿಂದೆ ಸಾಲು ಬೆಳೆಯುತ್ತಿರುತ್ತದೆ. ಆದರೆ ಖಾತೆಯ ಬಗೆ, ಕಾರ್ಡಿನ ಬಗೆ, ಎಸ್‌ಎಂಎಸ್ ಸೇವೆ, ಚೆಕ್ ಪುಸ್ತಕ, ವಿಮೆ, ಮಾರಾಟದ ಕರೆಗಳಿಗೆ ಒಪ್ಪಿಗೆ ಇವೆಲ್ಲ ನಿರ್ಧಾರವಾಗುವುದು ಆ "ಉಳಿದದ್ದು" ಎಂಬ ಭಾಗದಲ್ಲಿಯೇ. ಸಹಿ ಹಾಕುವ ಮೊದಲು ಚೌಕಗಳನ್ನು ತಾವೇ ತುಂಬಿ, ಬೇಡವಾದವುಗಳ ಮೇಲೆ ಗೆರೆ ಎಳೆದು, ಪೂರ್ಣ ಅರ್ಜಿಯ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡರೆ ಮುಂದಿನ ಹತ್ತಾರು ವಾದಗಳು ತಪ್ಪುತ್ತವೆ. ಉಚಿತವೆಂದು ಹೇಳಿ ಕೊಡುವ ಕಾರ್ಡಿಗೆ ಎರಡನೆಯ ವರ್ಷದಿಂದ ಶುಲ್ಕ ಇರುವುದುಂಟು. ಸಾದಾ ಕಾರ್ಡು ಸಾಕೆಂದರೆ ಅದನ್ನೇ ಗುರುತು ಮಾಡಬೇಕು.

ವಿಮೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೇಂದ್ರ ಸರ್ಕಾರದ ಜೀವನ ಜ್ಯೋತಿ ಮತ್ತು ಸುರಕ್ಷಾ ಬಿಮಾ ಯೋಜನೆಗಳಿಗೆ ವರ್ಷಕ್ಕೆ ಕ್ರಮವಾಗಿ 436 ಮತ್ತು 20 ರೂಪಾಯಿ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಅವು ಅಗ್ಗವಾದ, ಅನೇಕರಿಗೆ ಉಪಯುಕ್ತವಾದ ಯೋಜನೆಗಳೇ. ಆದರೂ ಸೇರುವುದು ಐಚ್ಛಿಕ, ಒಪ್ಪಿಗೆ ಕೊಟ್ಟದ್ದು ನೆನಪಿರಬೇಕು. ಇದಕ್ಕಿಂತ ತೂಕದ ಸಂಗತಿ, ಖಾತೆ ಅಥವಾ ಲಾಕರ್ ಬೇಕಾದರೆ ಜೀವವಿಮೆಯ ಪಾಲಿಸಿಯೊಂದನ್ನು ತೆಗೆದುಕೊಳ್ಳಲೇಬೇಕೆಂಬ ಒತ್ತಾಯ. ಖಾತೆಯ ಜತೆಗೆ ಇಂಥದ್ದನ್ನು ಕಡ್ಡಾಯವಾಗಿ ಕಟ್ಟಿಕೊಡುವಂತಿಲ್ಲ. ಒತ್ತಾಯಕ್ಕೆ ಒಳಗಾಗಿ ಪಾಲಿಸಿ ತೆಗೆದುಕೊಂಡಾಗಿದ್ದರೆ, ಪಾಲಿಸಿ ಪತ್ರ ಕೈಸೇರಿದ ದಿನದಿಂದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಿ, ಸಣ್ಣಪುಟ್ಟ ವೆಚ್ಚ ಕಳೆದು ಹಣ ವಾಪಸು ಪಡೆಯುವ ಅವಕಾಶ ವಿಮಾ ನಿಯಮಗಳಲ್ಲಿದೆ.

ಇನ್ನು ನಾಮನಿರ್ದೇಶನ. "ಆಮೇಲೆ ಹಾಕಿದರಾಯಿತು" ಎಂದು ಖಾಲಿ ಬಿಡುವ ಸಾಲು ಇದು, ಖಾತೆದಾರ ತೀರಿಕೊಂಡ ಮೇಲೆ ಮನೆಯವರನ್ನು ತಿಂಗಳುಗಟ್ಟಲೆ ಅಲೆಸುವ ಸಾಲೂ ಇದೇ. 2025ರ ನವೆಂಬರ್ 1ರಿಂದ ಒಂದು ಠೇವಣಿ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದು. ಎಲ್ಲರಿಗೂ ಒಟ್ಟಿಗೆ ಪಾಲು ಸೂಚಿಸುವುದಾದರೆ ಶೇಕಡಾವಾರು ಕೂಡಿದಾಗ 100 ಆಗಬೇಕು. ಇಲ್ಲವೇ ಒಬ್ಬರಿಲ್ಲದಿದ್ದರೆ ಮುಂದಿನವರು ಎಂಬ ಕ್ರಮದಲ್ಲೂ ಹೆಸರಿಸಬಹುದು. ನಾಮಿನಿ ಅಪ್ರಾಪ್ತರಾಗಿದ್ದರೆ ಅವರ ಪರವಾಗಿ ಹಣ ಪಡೆಯುವ ವಯಸ್ಕರೊಬ್ಬರ ಹೆಸರನ್ನೂ ಬರೆಯಬೇಕು. ನಾಮಿನಿಯಾದವರು ಬ್ಯಾಂಕಿನಿಂದ ಹಣ ಸ್ವೀಕರಿಸುವ ಹಕ್ಕು ಪಡೆಯುತ್ತಾರೆಯೇ ಹೊರತು ಅದರ ಮಾಲೀಕರಾಗಿಬಿಡುವುದಿಲ್ಲ. ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ. ನಾಮನಿರ್ದೇಶನಕ್ಕೆ ಬ್ಯಾಂಕು ಸ್ವೀಕೃತಿ ಕೊಡಬೇಕು, ಪಾಸ್‌ಬುಕ್ಕಿನಲ್ಲೂ ನಾಮನಿರ್ದೇಶನ ನೋಂದಣಿಯಾಗಿದೆ ಎಂದು ನಮೂದಿಸಬೇಕು.

ಜಂಟಿ ಖಾತೆಯಾದರೆ ವ್ಯವಹಾರದ ರೀತಿಯನ್ನು ವಿಚಾರ ಮಾಡಿ ಬರೆಯಬೇಕು. "ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು" ಎಂದಿದ್ದರೆ ಯಾರಾದರೊಬ್ಬರ ಸಹಿ ಸಾಕು. "ಜಂಟಿಯಾಗಿ" ಎಂದಿದ್ದರೆ ಪ್ರತಿ ಸಲವೂ ಇಬ್ಬರ ಸಹಿ ಬೇಕು. ವಯಸ್ಸಾದ ತಂದೆ ತಾಯಿಯೊಂದಿಗೆ ಖಾತೆ ತೆರೆಯುವವರು ಎರಡನೆಯದನ್ನು ಬರೆದು, ಅವರು ಹಾಸಿಗೆ ಹಿಡಿದಾಗ ಆಸ್ಪತ್ರೆಯ ಖರ್ಚಿಗೂ ಹಣ ತೆಗೆಯಲಾಗದೆ ಒದ್ದಾಡಿದ ಪ್ರಸಂಗಗಳುಂಟು. ಮಕ್ಕಳ ವಿಷಯದಲ್ಲಿ, ಹತ್ತು ವರ್ಷ ತುಂಬಿದವರು ಬ್ಯಾಂಕು ನಿಗದಿಪಡಿಸಿದ ಮಿತಿಯೊಳಗೆ ತಾವೇ ಖಾತೆ ತೆರೆದು ನಡೆಸಲು ಅವಕಾಶವಿದೆ.

ಸಹಿಯನ್ನು ಎಲ್ಲ ಪುಟಗಳಲ್ಲೂ ಒಂದೇ ರೀತಿ, ಬ್ಯಾಂಕಿನ ಪೆಟ್ಟಿಗೆಯ ಗೆರೆ ದಾಟದಂತೆ ಮಾಡಬೇಕು. ಕನ್ನಡದಲ್ಲಿ ಸಹಿ ಮಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಖಾತೆ ಕೈಗೆ ಬಂದ ಮೇಲೆ

ಪಾಸ್‌ಬುಕ್ ಸಿಕ್ಕ ಕೂಡಲೇ ಮೊದಲ ಪುಟವನ್ನು ಕೌಂಟರಿನ ಮುಂದೆಯೇ ನಿಂತು ಓದಬೇಕು: ಹೆಸರಿನ ಅಕ್ಷರಗಳು, ವಿಳಾಸ, ಮೊಬೈಲ್, ನಾಮನಿರ್ದೇಶನ, ಖಾತೆಯ ಬಗೆ, ಹಣ ವರ್ಗಾವಣೆಗೆ ಬೇಕಾದ ಶಾಖೆಯ ಸಂಕೇತವಾದ ಐಎಫ್‌ಎಸ್‌ಸಿ. ಐಎಫ್‌ಎಸ್‌ಸಿಯಲ್ಲಿ 11 ಚಿಹ್ನೆಗಳಿದ್ದು ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ "ಓ" ಅಕ್ಷರವೆಂದು ಬರೆದುಕೊಟ್ಟು ಸಂಬಳ ಬರಲಿಲ್ಲವೆಂದು ಕಾಯುವವರು ಕಡಿಮೆಯಿಲ್ಲ. ವ್ಯಕ್ತಿಗಳ ಉಳಿತಾಯ ಖಾತೆಗೆ ಪಾಸ್‌ಬುಕ್ ಕೊಡಬೇಕಾದದ್ದು ಬ್ಯಾಂಕಿನ ಕರ್ತವ್ಯ, ಅದಕ್ಕೆ ಶುಲ್ಕ ತೆಗೆದುಕೊಳ್ಳುವಂತಿಲ್ಲ.

ಹೊಸ ಕಾರ್ಡಿನಿಂದ ಎಟಿಎಂನಲ್ಲಿ ಹಣ ಬರುತ್ತದೆ, ಆದರೆ ಆನ್‌ಲೈನ್ ಪಾವತಿ ಆಗುವುದಿಲ್ಲವೆಂದರೆ ಕಾರ್ಡು ಹಾಳಾಗಿದೆ ಎಂದು ಭಾವಿಸಬೇಕಾಗಿಲ್ಲ. 2020ರಿಂದ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳ ಯಂತ್ರಗಳಲ್ಲಿ ಮಾತ್ರ ನಡೆಯುವಂತೆ ಬರುತ್ತವೆ. ಆನ್‌ಲೈನ್, ವಿದೇಶಿ ಮತ್ತು ತಾಗಿಸಿ ಪಾವತಿಸುವ ಸೌಲಭ್ಯಗಳನ್ನು ಗ್ರಾಹಕರೇ ಆ್ಯಪ್‌ನಲ್ಲಿ ಅಥವಾ ಶಾಖೆಯ ಮೂಲಕ ತೆರೆದುಕೊಳ್ಳಬೇಕು, ಮಿತಿಯನ್ನೂ ಇಡಬಹುದು. ಅಗತ್ಯವಿಲ್ಲದವನ್ನು ಮುಚ್ಚಿಯೇ ಇಡುವುದು ಜಾಣತನ.

ಖಾತೆ ತೆರೆದ ಮೊದಲ ದಿನಗಳಲ್ಲಿ "ಕೆವೈಸಿ ಅಪೂರ್ಣವಾಗಿದೆ, ಈ ಕೊಂಡಿ ಒತ್ತಿ" ಎಂಬ ಕರೆ, ಸಂದೇಶಗಳು ಬಂದರೆ ಉತ್ತರಿಸದೆ ಶಾಖೆಯಲ್ಲೇ ವಿಚಾರಿಸಬೇಕು. ಕಮಿಷನ್ ಆಸೆಗೆ ತಮ್ಮ ಹೆಸರಿನ ಖಾತೆಯನ್ನೂ ಎಟಿಎಂ ಕಾರ್ಡನ್ನೂ ಬೇರೆಯವರ ಬಳಕೆಗೆ ಕೊಡುವ ಯುವಕರ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಸೈಬರ್ ವಂಚನೆಯ ಹಣ ಅಲ್ಲಿಗೆ ಬಂದರೆ ಪೊಲೀಸರು ಮೊದಲು ಹುಡುಕುವುದು ಖಾತೆದಾರನನ್ನು.

ಬಳಸದೆ ಬಿಟ್ಟ ಖಾತೆ ಎರಡು ವರ್ಷಗಳಾದ ಮೇಲೆ ನಿಷ್ಕ್ರಿಯವಾಗುತ್ತದೆ, ಹತ್ತು ವರ್ಷಗಳಾದ ಮೇಲೆ ಅದರ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತದೆ. ಆಗಲೂ ಅದನ್ನು ಹಿಂದಕ್ಕೆ ಪಡೆಯಬಹುದು, ಮತ್ತು 2024ರ ಏಪ್ರಿಲ್‌ನಿಂದ ನಿಷ್ಕ್ರಿಯ ಖಾತೆಗೆ ಕನಿಷ್ಠ ಶಿಲ್ಕಿನ ದಂಡ ಹಾಕುವಂತಿಲ್ಲ, ಅದನ್ನು ಮತ್ತೆ ಚಾಲೂ ಮಾಡಲು ಶುಲ್ಕವೂ ಇಲ್ಲ.

ಖಾತೆ ನಿರಾಕರಿಸಿದರೆ, ಮಾತು ತಪ್ಪಿದರೆ

ಬಾಯಿಮಾತಿನಲ್ಲಿ "ಆಗುವುದಿಲ್ಲ" ಎಂದಾಗ ಜಗಳಕ್ಕೆ ನಿಲ್ಲುವುದಕ್ಕಿಂತ, ಯಾವ ದಾಖಲೆಯ ಕೊರತೆಯಿಂದ ಅರ್ಜಿ ತಿರಸ್ಕೃತವಾಗಿದೆ ಎಂಬುದನ್ನು ಬರೆದುಕೊಡಿ ಎಂದು ಶಾಂತವಾಗಿ ಕೇಳುವುದು ಹೆಚ್ಚು ಫಲಕಾರಿ. ಬರೆಯಬೇಕಾಗಿ ಬಂದಾಗ ಅರ್ಧದಷ್ಟು ಆಕ್ಷೇಪಣೆಗಳು ಅಲ್ಲಿಯೇ ಕರಗುತ್ತವೆ. ಅದೂ ಆಗದಿದ್ದರೆ ಶಾಖೆಯ ವ್ಯವಸ್ಥಾಪಕರಿಗೆ, ಅನಂತರ ಬ್ಯಾಂಕಿನ ದೂರು ವಿಭಾಗಕ್ಕೆ ಲಿಖಿತ ದೂರು ಕೊಟ್ಟು ದೂರಿನ ಸಂಖ್ಯೆ ಪಡೆದುಕೊಳ್ಳಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರುಗಳನ್ನು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. 2021ರ ನವೆಂಬರ್ 12ರಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆಯಿದ್ದು, ರಿಸರ್ವ್ ಬ್ಯಾಂಕಿನ ದೂರು ಪೋರ್ಟಲ್‌ನಲ್ಲಿ ಶುಲ್ಕವಿಲ್ಲದೆ ದಾಖಲಿಸಬಹುದು. ಮಾಹಿತಿಗೆ 14448 ಎಂಬ ಉಚಿತ ಸಂಖ್ಯೆಯಿದೆ. ಬ್ಯಾಂಕಿಗೆ ಮೊದಲು ಬರೆಯದೆ ನೇರವಾಗಿ ಅಲ್ಲಿಗೆ ಹೋದ ದೂರುಗಳನ್ನು ಸ್ವೀಕರಿಸುವುದಿಲ್ಲವಾದ್ದರಿಂದ, ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ, ದಿನಾಂಕವಿರುವ ಸ್ವೀಕೃತಿ ಮತ್ತು ಅರ್ಜಿ ತುಂಬಿದ ದಿನ ಫೋನಿನಲ್ಲಿ ತೆಗೆದಿಟ್ಟುಕೊಂಡ ಪುಟಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಂಡಿರಬೇಕು.